ಬಾಗಿಲ ಕಡೆ ನೋಡುತ್ತಿದ್ದ ನಾಯಿ

“ನಮ್ಮ ಓಣಿಯಲ್ಲಿ ಹುಚ್ಚುನಾಯಿ ಇದೆ, ಬಂದು ಏನಾದರೂ ಮಾಡಿ” ಎಂದು ನಮ್ಮನ್ನು ಕರೆದವರು ಕಾಲುವೆ ದಂಡೆಯ ಜನ.

ಆಗ ನಾವು ಕೊಚ್ಚಿಯಲ್ಲಿದ್ದೆವು. ನನ್ನ ಗಂಡನದು ಕೇಂದ್ರ ಸರ್ಕಾರದ ನೌಕರಿ. ಮೈಸೂರಿನಿಂದ ಅವರಿಗೆ ವರ್ಗವಾದಾಗ ನಾನು ನನ್ನ ಕ್ಲಿನಿಕ್ ಮುಚ್ಚಿ ಜೊತೆಗೆ ಬಂದಿದ್ದೆ. ನಾನು ಪಶುವೈದ್ಯೆ. ಹೊಸ ಊರಿನಲ್ಲಿ ಕೆಲಸ ಹುಡುಕುತ್ತಿದ್ದಾಗ ಒಂದು ಸಣ್ಣ ಸೇವಾಸಂಸ್ಥೆಯವರು ಸಿಕ್ಕರು. ಪಶುವೈದ್ಯಕೀಯದ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಭಾನುವಾರಗಳಂದು ಬಡವರ ಕಾಲೊನಿಗಳಿಗೆ ಕರೆದುಕೊಂಡು ಹೋಗಿ ಕ್ಲಿನಿಕ್ ನಡೆಸಬೇಕು, ಅವರಿಗೆ ಕೆಲಸ ಕಲಿಸಬೇಕು ಎಂದರು. ಒಪ್ಪಿಕೊಂಡೆ.

ಆ ಕಾಲೊನಿ ವೈಟ್ಟಿಲ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. ಮೇಲೆ ಮೆಟ್ರೋ ಓಡುತ್ತದೆ, ಕೆಳಗೆ ಕಪ್ಪು ನೀರಿನ ಕಾಲುವೆ, ಅದರ ಅಂಚಿಗೆ ಒಂದಕ್ಕೊಂದು ಆತುಕೊಂಡ ಶೀಟಿನ ಮನೆಗಳು. ಅಲ್ಲಿ ನಾಯಿ ಬೆಕ್ಕು ಸಾಕದವರು ಕಡಿಮೆ. ಆದರೆ ಪಶು ಆಸ್ಪತ್ರೆಗೆ ಒಯ್ಯೋಣ ಎಂದರೆ ಆಟೋದವರು ನಾಯಿ ಹತ್ತಿಸುವುದಿಲ್ಲ; ಹೋದರೆ ಅರ್ಧ ದಿನದ ಕೂಲಿ ಹೋಯಿತು; ಹೋಗಿ ನಿಂತರೆ ‘ಇಷ್ಟು ದಿನ ಏನು ಮಾಡ್ತಿದ್ರಿ’ ಎಂಬ ಬೈಗುಳ ಬೇರೆ. ಹಾಗಾಗಿ ನಾವೇ ಹೋಗುತ್ತಿದ್ದೆವು. ಅಂಗನವಾಡಿಯ ಜಗಲಿಯ ಮೇಲೆ ಹಳೇ ಬೆಡ್‌ಶೀಟ್ ಹಾಸಿ ನೆಲದಲ್ಲೇ ಕೂತು ನೋಡುತ್ತಿದ್ದೆವು. ಮೊದಮೊದಲು ಹುಡುಗರಿಗೆ ನೆಲದಲ್ಲಿ ಕೂರುವುದೇ ಕಷ್ಟವಾಗುತ್ತಿತ್ತು. ಕೂತ ಮೇಲೆ ಜನ ಬೇರೆ ರೀತಿ ಮಾತಾಡುತ್ತಾರೆ ಎನ್ನುವುದು ಅವರಿಗೆ ನಿಧಾನಕ್ಕೆ ಗೊತ್ತಾಯಿತು.

ಹುಚ್ಚುನಾಯಿ ಎಂದಮೇಲೆ ಎಲ್ಲರನ್ನೂ ಕರೆದೊಯ್ಯುವಂತಿರಲಿಲ್ಲ. ಒಬ್ಬಳೇ ವಿದ್ಯಾರ್ಥಿನಿಯನ್ನು ಜೊತೆಗೆ ಕರೆದುಕೊಂಡೆ. ಅವಳು ನಮ್ಮವಳೇ. ಅಪ್ಪ ಅಮ್ಮ ಮಂಗಳೂರು ಕಡೆಯವರು, ತಿರುವನಂತಪುರದಲ್ಲಿ ಬ್ಯಾಂಕ್ ನೌಕರಿ. ಹುಟ್ಟಿ ಬೆಳೆದದ್ದೆಲ್ಲ ಕೇರಳದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಚುರುಕು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣೆದುರು ಕಂಡರೆ ಹಬ್ಬದೂಟ ಕಂಡಷ್ಟು ಖುಷಿ ಅವಳಿಗೆ.

ನಾವು ಹೋದಾಗ ಆ ಮನೆಯ ಮುಂದೆ ಗಂಡಸರು ಕೋಲು ಹಿಡಿದು ನಿಂತಿದ್ದರು. ಒಳಗೆ ಒಂದೇ ಕೋಣೆ. ಬಾಗಿಲು ಕಾಲುವೆಯ ಕಡೆಗೆ. ಕಿಟಕಿಯ ಸರಳಿಗೆ ಕಟ್ಟಿದ್ದ ಕಂದು ಬಣ್ಣದ ನಾಟಿ ನಾಯಿ ಸುಮ್ಮನೆ ಮಲಗಿತ್ತು. ಮನೆಯಾಕೆ ಬಾಗಿಲ ಪಕ್ಕ ನೆಲದಲ್ಲಿ ಕಾಲು ಚಾಚಿ ಕೂತಿದ್ದಳು. ಬಸ್ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸ ಆಕೆಯದು. ಕೆಲಸದ ಕೋಟು ಇನ್ನೂ ಮೈಮೇಲಿತ್ತು. ಐವತ್ತು ದಾಟಿರಬಹುದು. ಎಲ್ಲರೂ ಆಕೆಯನ್ನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ನಾವೂ ಹಾಗೇ ಕರೆದೆವು.

“ಎಷ್ಟು ದಿನದಿಂದ ಹೀಗೆ, ಚೇಚಿ?” ಎಂದು ಮಲಯಾಳದಲ್ಲಿ ಕೇಳಿದೆ.

“ಹೋದ ಓಣಂ ಆದಮೇಲಿಂದ.”

ಓಣಂ ಬರುವುದು ಆಗಸ್ಟ್-ಸೆಪ್ಟೆಂಬರಿನಲ್ಲಿ; ಆಗ ಏಪ್ರಿಲ್ ತಿಂಗಳ ವಿಷು ಹಬ್ಬವೂ ಕಳೆದಿತ್ತು. ನಾನು ಹೊರಗೆ ನಿಂತಿದ್ದವರಿಗೆ ಹೇಳಿದೆ: “ಇದು ಹುಚ್ಚಲ್ಲ. ಹುಚ್ಚು ಹಿಡಿದ ನಾಯಿ ಇಷ್ಟು ತಿಂಗಳು ಬದುಕೋದಿಲ್ಲ. ಕೆಲವೇ ದಿನದಲ್ಲಿ ಸತ್ತುಹೋಗುತ್ತೆ. ಕೋಲು ಕೆಳಗಿಡಿ.”

“ಮತ್ತೆ ಗಾಳಿಯನ್ನು ಕಚ್ಚುತ್ತಲ್ಲ? ಯಾರೂ ಇಲ್ಲದ ಕಡೆ ನೋಡಿ ಬಾಲ ಅಲ್ಲಾಡಿಸುತ್ತಲ್ಲ?” ಎಂದ ಒಬ್ಬ. ಉತ್ತರ ಕೊಡಲು ನಾನು ತಿರುಗುವಷ್ಟರಲ್ಲಿ ಅದು ಶುರುವಾಯಿತು.

ನಾಯಿ ತಲೆ ಎತ್ತಿತು. ಎದ್ದು ನಿಂತು ಬಾಗಿಲ ಕಡೆ ನೋಡಿತು. ಕಿವಿ ಮುಂದೆ ಬಂದವು. ಬಾಲ ಮೆಲ್ಲಗೆ ಆಡಿತು. ಗಂಟಲಲ್ಲಿ ಸಣ್ಣ ಕುಂಯ್ ದನಿ. ಹಗ್ಗ ಬಿಗಿಯಾಗುವವರೆಗೆ ಮುಂದೆ ಬಂದು, ಯಾರೋ ಕೈಯಿಂದ ಏನೋ ಕೊಡುತ್ತಿದ್ದಾರೆ ಎನ್ನುವ ಹಾಗೆ ಬರೀ ಗಾಳಿಯನ್ನು ಮೃದುವಾಗಿ ಬಾಯಲ್ಲಿ ಹಿಡಿಯಿತು. ಮತ್ತೆ ಹಿಡಿಯಿತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು.

ನಾನು ನೋಡಿದ್ದು ನಾಯಿಯನ್ನಲ್ಲ, ಆಕೆಯನ್ನು. ನಾಯಿ ತಲೆ ಎತ್ತಿದ ಕೂಡಲೇ ಆಕೆ ಚಾಚಿದ ಕಾಲುಗಳನ್ನು ಮಡಚಿಕೊಂಡಿದ್ದಳು. ಪಕ್ಕದಲ್ಲಿದ್ದ ಬಕೆಟ್ಟನ್ನು ಗೋಡೆಯ ಕಡೆ ಸರಿಸಿದ್ದಳು. ಹೊರಗಿನಿಂದ ಬರುವವರಿಗೆ ದಾರಿ ಬಿಟ್ಟುಕೊಟ್ಟಿದ್ದಳು.

“ಫೋಕಲ್ ಸೀಜರ್, ಮ್ಯಾಡಂ!” ನನ್ನ ವಿದ್ಯಾರ್ಥಿನಿ ಆಗಲೇ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು. “ಫ್ಲೈ ಬೈಟಿಂಗ್, ಇಲ್ಲದ ನೊಣ ಹಿಡಿಯೋ ಹಾಗೆ. ಪುಸ್ತಕದಲ್ಲಿದ್ದ ಹಾಗೇ ಇದೆ!”

ನಾನು ಅಂಗೈ ತೋರಿಸಿ ಸುಮ್ಮನಿರು ಎಂದೆ. ನಾಯಿ ಕಣ್ಣು ಪಿಳುಕಿಸಿ, ತೂರಾಡಿ, ಬಂದು ಮಲಗಿತು.

ಚೇಚಿ ಬಾಗಿಲ ಕಡೆ ನೋಡುತ್ತಲೇ, “ಹೋದಳು” ಎಂದಳು.

ಚೇಚಿಗೆ ಒಬ್ಬಳೇ ಮಗಳು. ಬಟ್ಟೆ ಅಂಗಡಿಯಲ್ಲಿ ಸೇಲ್ಸ್ ಕೆಲಸಕ್ಕೆ ಹೋಗುತ್ತಿದ್ದಳಂತೆ. ನಾಯಿಯನ್ನು ಮರಿಯಾಗಿದ್ದಾಗ ತಂದು ಸಾಕಿದವಳೂ ಅವಳೇ, ಹೆಸರಿಟ್ಟವಳೂ ಅವಳೇ. ಸಂಜೆ ಬರುವಾಗ ಚಹಾದಂಗಡಿಯಿಂದ ಪಳಂಪೊರಿ, ನಮ್ಮ ಬಾಳೆಹಣ್ಣಿನ ಬೋಂಡಾ, ಕಾಗದದಲ್ಲಿ ಕಟ್ಟಿಸಿಕೊಂಡು ಬರುವಳು. ಬಾಗಿಲಲ್ಲೇ ನಿಂತು ಮುರಿದು ಮುರಿದು ನಾಯಿಗೆ ಕೊಡುವಳು. ಹಿಂದಿನ ಮಳೆಗಾಲದಲ್ಲಿ ಕಾಲುವೆ ಉಕ್ಕಿ ಓಣಿಗೆ ನುಗ್ಗಿತು. ಆಮೇಲೆ ಅವಳಿಗೆ ಜ್ವರ ಬಂತು, ಮೈಯೆಲ್ಲ ನೋವು, ಕಣ್ಣು ಹಳದಿ. ಇಲಿಜ್ವರ, ಕೊಳಕು ನೀರಿನಿಂದ ಬಂದದ್ದು, ಎಂದು ಆಸ್ಪತ್ರೆಯಲ್ಲಿ ಹೇಳುವ ಹೊತ್ತಿಗೆ ತಡವಾಗಿತ್ತು.

“ಓಣಂ ಕಳೆದ ಮೇಲೆ ಒಂದು ದಿನ ಇದು ಎದ್ದು ಬಾಗಿಲ ಕಡೆ ಹೋಯ್ತು. ಕೈಯಿಂದ ತಗೊಂಡು ತಿಂತು. ನಾನು ಕಣ್ಣಾರೆ ನೋಡಿದೆ” ಎಂದಳು ಚೇಚಿ. “ನನಗೆ ಕಾಣಲ್ಲ. ಇದಕ್ಕೆ ಕಾಣುತ್ತೆ.”

ನನ್ನ ವಿದ್ಯಾರ್ಥಿನಿ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದಳು. ಇದೊಂದು ಥರ ಫಿಟ್ಸ್, ಮೆದುಳಿನ ಒಂದು ಭಾಗದಲ್ಲಿ ಆಗುವಂಥದ್ದು, ದಿನಕ್ಕೆ ಎರಡು ಹೊತ್ತು ಮಾತ್ರೆ ಕೊಟ್ಟರೆ ಹಿಡಿತಕ್ಕೆ ಬರುತ್ತೆ, ಬಿಟ್ಟರೆ ದೊಡ್ಡದಾಗಬಹುದು. ತಪ್ಪಿಲ್ಲದೆ ಹೇಳಿದಳು. ಚೇಚಿ ಗಮನವಿಟ್ಟು ಕೇಳಿ, ಕೊನೆಗೆ ಒಂದೇ ಮಾತು ಕೇಳಿದಳು.

“ಮದ್ದು ಕೊಟ್ಟರೆ ಇದು ಬಾಗಿಲು ನೋಡೋದು ನಿಲ್ಲುತ್ತಾ?”

“ನಿಲ್ಲುತ್ತೆ. ಅದೇ ಬೇಕಲ್ವಾ ಚೇಚಿ?”

“ಹಾಗಾದ್ರೆ ಬೇಡ.”

ವಿದ್ಯಾರ್ಥಿನಿ ಮತ್ತೇನೋ ಹೇಳಲು ಬಾಯಿ ತೆರೆದಳು. ನಾನು ಅವಳ ಮೊಣಕೈ ಮುಟ್ಟಿದೆ. ನಾಯಿಗೆ ರೇಬಿಸ್ ಲಸಿಕೆ ಹಾಕಿ, ಓಣಿಯವರಿಗೆ ಮತ್ತೊಮ್ಮೆ ತಿಳಿಹೇಳಿ ಹೊರಟೆವು. ಹೊರಡುವಾಗ ಚೇಚಿ ತನ್ನ ಮೊಬೈಲ್ ಮುಂದೆ ಹಿಡಿದಳು. “ನೀವು ತೆಗೆದ್ರಲ್ಲ, ಅದನ್ನು ನನಗೂ ಕಳಿಸಿ.” ವಿದ್ಯಾರ್ಥಿನಿ ನನ್ನ ಮುಖ ನೋಡಿದಳು. ಕಳಿಸು ಎಂದೆ.

ವೈಟ್ಟಿಲದ ಚಹಾದಂಗಡಿಯಲ್ಲಿ ಅವಳು ಗ್ಲಾಸು ಮುಟ್ಟಲಿಲ್ಲ. “ನಾವು ಹೋಗಿದ್ದು ನಾಯಿಗೋಸ್ಕರ ಅಲ್ವಾ ಮ್ಯಾಡಂ? ಅದಕ್ಕೆ ಕಾಯಿಲೆ ಇದೆ. ಮದ್ದು ನಮ್ಮ ಚೀಲದಲ್ಲೇ ಇದೆ. ಕೊಡದೆ ವಾಪಸ್ ಬಂದ್ವಿ.”

“ಮದ್ದು ನಮ್ಮದು. ದಿನಾ ಎರಡು ಹೊತ್ತು ಬಾಯಿಗೆ ಹಾಕೋ ಕೈ ಆಕೆಯದು. ಆ ಕೈ ಒಪ್ಪಬೇಕಲ್ಲ” ಎಂದೆ.

ಅವಳು ಒಪ್ಪಲಿಲ್ಲ. ಆದರೆ ಮುಂದಿನ ಭಾನುವಾರ ಕ್ಲಿನಿಕ್ ಮುಗಿದ ಮೇಲೆ ತಾನಾಗಿಯೇ ಆ ಮನೆಗೆ ಹೋದಳು. ಅದರ ಮುಂದಿನ ವಾರವೂ ಹೋದಳು. ಮಾತ್ರೆಯ ಮಾತು ಎತ್ತುತ್ತಿರಲಿಲ್ಲ. ನಾಯಿಯ ಉಣ್ಣೆಹುಳ ತೆಗೆಯುತ್ತಾ, ಉಗುರು ಕತ್ತರಿಸುತ್ತಾ ಕೂರುತ್ತಿದ್ದಳು. ಆ ಊರಲ್ಲಿ ದೊಡ್ಡವರು ಎಂಥ ಅಪರಿಚಿತ ಹುಡುಗಿಯನ್ನೂ ‘ಮೋಳೇ’, ಮಗಳೇ, ಎಂದು ಕರೆಯುತ್ತಾರೆ. ಚೇಚಿ ಮಾತ್ರ ಅವಳನ್ನು ‘ಡಾಕ್ಟರ್ ಕುಟ್ಟಿ’, ಪುಟ್ಟ ಡಾಕ್ಟರ್, ಎನ್ನುತ್ತಿದ್ದಳು. ಮೋಳೇ ಎಂಬ ಮಾತು ಆಕೆಯ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ಒಂದೆರಡು ಸಲ ನಾನು ಆಕೆಯನ್ನು ಕಂಡಿದ್ದೇನೆ. ಕಂಬದ ಮರೆಯಲ್ಲಿ ಪೊರಕೆಯನ್ನು ಗೋಡೆಗೆ ಒರಗಿಸಿ, ಮೊಬೈಲನ್ನು ಮುಖದ ಹತ್ತಿರ ಹಿಡಿದು ಆ ವಿಡಿಯೋ ನೋಡುತ್ತಿದ್ದಳು. ನಾಯಿಯನ್ನಲ್ಲ, ನಾಯಿಯ ಮುಂದಿದ್ದ ಖಾಲಿ ಜಾಗವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದಳು. ನಾನು ಮಾತಾಡಿಸದೆ ಬಸ್ಸು ಹತ್ತುತ್ತಿದ್ದೆ.

ಮಳೆಗಾಲಕ್ಕೆ ಮುಂಚಿನ ಸೆಕೆ. ಒಂದು ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಬೆಕ್ಕೊಂದರ ಗಾಯ ತೊಳೆಯುತ್ತಿದ್ದೆವು. ಚೇಚಿಯ ಪಕ್ಕದ ಮನೆಯ ಹೆಂಗಸು ಓಡಿ ಬಂದಳು. “ನಾಯಿ ಕಾಲುವೆಗೆ ಬಿತ್ತು! ಹೊಡೆದು ಹಾಕ್ತಾರೆ, ಬೇಗ ಬನ್ನಿ!”

ಹಗ್ಗ ಹರಿದುಕೊಂಡು ಹೊರಬಂದ ನಾಯಿ ದಂಡೆಯ ಮೇಲೆ ಬಿದ್ದು ಒದ್ದಾಡುತ್ತಿತ್ತು. ಈ ಸಲ ಇಡೀ ಮೈಗೆ ಫಿಟ್ಸ್ ಬಂದಿತ್ತು. ಕಾಲುಗಳು ಸೆಟೆದು ಬಡಿಯುತ್ತಿದ್ದವು. ಪ್ರತಿ ಬಡಿತಕ್ಕೂ ಇಷ್ಟಿಷ್ಟೇ ಜಾರಿ ಅರ್ಧ ಮೈ ನೀರಿನೊಳಗೆ ಹೋಗಿತ್ತು. ಸುತ್ತ ಕೂಗಾಟ. ಯಾರೋ ಕಲ್ಲು ಎತ್ತಿದ್ದರು. ನಾನು ಇಂಜೆಕ್ಷನ್ ತುಂಬಿಸಿಕೊಳ್ಳುವಷ್ಟರಲ್ಲಿ ನನ್ನ ವಿದ್ಯಾರ್ಥಿನಿ ನೀರಿಗೆ ಇಳಿದಾಗಿತ್ತು. ಮೊಣಕಾಲಿನವರೆಗೆ ಆ ಕಪ್ಪು ನೀರಿನಲ್ಲಿ ನಿಂತು, ಬಾಯಿಯ ಹತ್ತಿರ ಕೈ ಹೋಗದಂತೆ, ಕತ್ತಿನ ಹಿಂದಿನಿಂದ ಹಿಡಿದು ನಾಯಿಯ ತಲೆಯನ್ನು ಮೇಲೆತ್ತಿಕೊಂಡಳು. ಕಲ್ಲು ಎತ್ತಿದವನು ಹಾಗೇ ನಿಂತ. ನಾನು ಇಂಜೆಕ್ಷನ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಬಡಿತ ನಿಂತಿತು. ಇಬ್ಬರೂ ಸೇರಿ ಅದನ್ನು ದಂಡೆಗೆ ಎಳೆದುಕೊಂಡೆವು.

ಚೇಚಿ ನಿಲ್ದಾಣದಿಂದ ಓಡಿ ಬಂದಳು. ನಾಯಿಯ ಹೆಸರು ಕೂಗುತ್ತಾ ಕೈ ಚಾಚಿದಳು. ದೊಡ್ಡ ಫಿಟ್ಸ್ ಆದಮೇಲೆ ಪ್ರಾಣಿಗೆ ಕೆಲ ಹೊತ್ತು ಏನೂ ಕಾಣುವುದಿಲ್ಲ, ಯಾರ ಗುರುತೂ ಸಿಗುವುದಿಲ್ಲ. ನಾಯಿ ಆಕೆಯ ಕೈಯನ್ನು ಮೂಸಿ ಹಲ್ಲು ಕಿರಿದು ಗುರ್ ಎಂದಿತು. ಆಮೇಲೆ ಅಲ್ಲಿಯೇ ಉಚ್ಚೆ ಹೊಯ್ದುಕೊಂಡು ನಡುಗತೊಡಗಿತು.

ಚೇಚಿ ಕೈ ಹಿಂದಕ್ಕೆ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತಳು. ಬಹಳ ಹೊತ್ತು ನಾಯಿಯನ್ನೇ ನೋಡಿದಳು.

“ಅವಳನ್ನು ನೋಡೋಕೆ ಇದಕ್ಕೆ ಇಷ್ಟು ಕಷ್ಟ ಆಗುತ್ತೆ ಅಂತ ನನಗೆ ಗೊತ್ತಿರಲಿಲ್ಲ” ಎಂದಳು. “ಕೊಡಿ. ಮಾತ್ರೆ ಕೊಡಿ.”

ಆ ದಿನ ವಾಪಸ್ ಹೋಗುವಾಗ ವಿದ್ಯಾರ್ಥಿನಿಯ ಪ್ಯಾಂಟು ಕೆಸರಾಗಿ ನಾರುತ್ತಿತ್ತು. ಅದೇ ಕಾಲುವೆ, ಅದೇ ನೀರು. ದಾರಿಯಲ್ಲಿದ್ದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಇಲಿಜ್ವರ ಬಾರದಿರಲು ಕೊಡುವ ಮಾತ್ರೆಯನ್ನು ನನ್ನ ಎದುರಿಗೇ ನುಂಗಿಸಿದೆ. ನೀರಿನ ಬಾಟಲಿ ಕೆಳಗಿಟ್ಟು ಅವಳು, “ನಂಗೆ ಹೆದರಿಕೆ ಆಗ್ತಾ ಉಂಟು” ಎಂದಳು. ಅವಳ ಅಮ್ಮನ ಊರಿನ ಕನ್ನಡ. ಅವಳು ನನ್ನೊಡನೆ ಕನ್ನಡ ಆಡಿದ್ದು ಅದೇ ಮೊದಲು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ನನಗೂ ಹೆದರಿಕೆಯಾಗಿತ್ತು. ಮುಂದಿನ ಎರಡು ವಾರ ಏನಾದರೂ ನೆಪ ಮಾಡಿ ಅವಳಿಗೆ ಫೋನ್ ಮಾಡಿ, ಜ್ವರ ಇಲ್ಲ ತಾನೆ ಎಂದು ಕೇಳುತ್ತಿದ್ದೆ.

ಮಾತ್ರೆ ಕೆಲಸ ಮಾಡಿತು. ಮೊದಲ ಕೆಲ ದಿನ ನಾಯಿ ಕುಡಿದವರಂತೆ ತೂರಾಡಿತು, ಬಿಂದಿಗೆಗಟ್ಟಲೆ ನೀರು ಕುಡಿಯಿತು, ಸಿಕ್ಕಿದ್ದನ್ನೆಲ್ಲ ತಿಂದಿತು. ಆಮೇಲೆ ಸರಿಹೋಯಿತು. ಚೇಚಿ ಬೆಳಗಿನ ಜಾವ ಕೆಲಸಕ್ಕೆ ಹೋಗುವ ಮುಂಚೆ ಒಂದು, ಸಂಜೆ ಒಂದು, ಅನ್ನದ ಉಂಡೆಯಲ್ಲಿಟ್ಟು ತಪ್ಪದೆ ಕೊಡುತ್ತಿದ್ದಳು. ಫಿಟ್ಸ್ ನಿಂತವು. ಗಾಳಿ ಕಚ್ಚುವುದು ನಿಂತಿತು. ಓಣಿಯವರು ನಾಯಿಯನ್ನು ಮತ್ತೆ ಅದರ ಹೆಸರು ಹಿಡಿದು ಕರೆಯತೊಡಗಿದರು. ನಮ್ಮ ಸಂಸ್ಥೆಯ ಸಭೆಯಲ್ಲಿ ವಿದ್ಯಾರ್ಥಿನಿ ಈ ಪ್ರಕರಣದ ಬಗ್ಗೆ ಮಾತಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತು ಮುಗಿಸಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಮೆಲ್ಲಗೆ, “ಚೇಚಿ ಈಗ ಕ್ಲಿನಿಕ್ ಕಡೆ ಬರ್ತಾನೇ ಇಲ್ಲ ಮ್ಯಾಡಂ” ಎಂದಳು.

ಅಷ್ಟರಲ್ಲಿ ನನ್ನ ಗಂಡನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಸಾಮಾನು ಕಟ್ಟುವ ಗಡಿಬಿಡಿಯ ನಡುವೆ ಒಂದು ಸಂಜೆ ಚೇಚಿಗೆ ಹೇಳಿ ಬರೋಣ ಎಂದು ಒಬ್ಬಳೇ ಹೋದೆ. ಆಕೆ ಬಾಗಿಲ ಪಕ್ಕ ಅದೇ ಜಾಗದಲ್ಲಿದ್ದಳು. ನಾಯಿ ಗೋಡೆಗೆ ಬೆನ್ನು ಹಚ್ಚಿ ಗೊರಕೆ ಹೊಡೆಯುತ್ತಿತ್ತು. ಮೈ ತುಂಬಿಕೊಂಡು ಕೂದಲು ಹೊಳೆಯುತ್ತಿತ್ತು. ಆಕೆ ಕಟ್ಟನ್ ಚಾಯ, ಹಾಲಿಲ್ಲದ ಚಹಾ, ಮಾಡಿ ಕೊಟ್ಟಳು. ನಾನು ಎದುರಿಗೆ ಗೋಡೆಗೊರಗಿ ಕಾಲು ಚಾಚಿ ಕೂತೆ.

“ನಾಯಿ ಚೆನ್ನಾಗಿದೆ ಚೇಚಿ. ನೀವು ಒಳ್ಳೆ ಕೆಲಸ ಮಾಡಿದ್ರಿ.”

“ಚೆನ್ನಾಗಿದೆ” ಎಂದಳು. ಬಾಗಿಲ ಕಡೆ ನೋಡಿ, “ಈಗ ಅವಳು ಬಂದ್ರೂ ನನಗೆ ಹೇಳೋರು ಯಾರು, ಡಾಕ್ಟರೇ? ಬಂದು ನಿಂತು ನಿಂತು ಹೋಗ್ತಿದ್ರೆ?” ಎಂದಳು.

 ಚಹಾ ಕುಡಿದೆ. ಹೊರಗೆ ಮೆಟ್ರೋ ಹಾದುಹೋದ ಸದ್ದು ಬಂದು ಅಡಗಿತು. ಕಾಲುವೆಯ ಮೇಲಿನ ಬೆಳಕು ಶೀಟಿನ ಕೆಳಗೆ ಅಲುಗಾಡುತ್ತಿತ್ತು.  ಆಮೇಲೆ ಚೇಚಿ ನನ್ನನ್ನು ವಿಚಿತ್ರವಾಗಿ ನೋಡುತ್ತಿರುವುದು ಗೊತ್ತಾಯಿತು.

“ಡಾಕ್ಟರಿಗೂ ಗೊತ್ತಾಯ್ತಾ?” ಎಂದು ಪಿಸುಗುಟ್ಟಿದಳು.

“ಏನು?”

ಆಕೆ ಕಣ್ಣಿನಿಂದಲೇ ತೋರಿಸಿದಳು. ನನ್ನ ಎರಡೂ ಕಾಲು ಮಡಚಿಕೊಂಡಿದ್ದವು. ಚಹಾದ ಗ್ಲಾಸನ್ನು ದಾರಿಯಿಂದ ತೆಗೆದು ಗೋಡೆಯ ಹತ್ತಿರ ಇಟ್ಟಿದ್ದೆ. ನನ್ನ ಮುಖ ಬಾಗಿಲ ಕಡೆಗಿತ್ತು. ಇದನ್ನೆಲ್ಲ ಯಾವಾಗ ಮಾಡಿದೆನೋ ನನಗೇ ತಿಳಿಯದು. ನಾಯಿ ಮಾತ್ರ ಅಲುಗಾಡದೆ ನಿದ್ದೆ ಮಾಡುತ್ತಿತ್ತು.

“ಕಾಲು ಜೋಮು ಹಿಡಿದಿತ್ತು ಚೇಚಿ” ಎಂದೆ. ಆಕೆ ವಾದ ಮಾಡಲಿಲ್ಲ. ತಲೆಯಾಡಿಸಿದಳು, ಅಷ್ಟೇ. ಹೊರಡುವಾಗ ನಾನು ಬಾಗಿಲಿನ ನಡುವೆ ದಾಟಲಿಲ್ಲ; ಒಂದು ಪಕ್ಕಕ್ಕೆ ಸರಿದು ದಾಟಿದೆ.

ಈಗ ನಮ್ಮ ಮನೆ ತಿರುವನಂತಪುರದ ಪಟ್ಟಂನಲ್ಲಿ, ಒಂದು ಫ್ಲ್ಯಾಟು. ಇಲ್ಲಿಯೂ ಅದೇ ಕೆಲಸ ಸಿಕ್ಕಿತು. ಚಾಲೈ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ಮೂಟೆ ಹೊರುವವರ ಮನೆಗಳಿವೆ. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವಾಗ ಈರುಳ್ಳಿಯ ವಾಸನೆಯ ನಡುವೆ ಬೆಡ್‌ಶೀಟ್ ಹಾಸುತ್ತೇವೆ. ಹೊಸ ವಿದ್ಯಾರ್ಥಿಗಳಿಗೆ ನಾನು ಕಾಲುವೆ ದಂಡೆಯ ನಾಯಿಯ ಕಥೆ ಹೇಳುತ್ತೇನೆ. ಕಾಯಿಲೆಯನ್ನು ಹೇಗೆ ಗುರುತಿಸಬೇಕು, ಬೇಡ ಎಂದವರ ಮನೆಗೆ ಮತ್ತೆ ಯಾಕೆ ಹೋಗಬೇಕು, ಎಲ್ಲ ಹೇಳುತ್ತೇನೆ. ನನ್ನ ಕಾಲು ಮಡಚಿಕೊಂಡದ್ದನ್ನು ಹೇಳುವುದಿಲ್ಲ. ಎಂಥ ಕಾಯಿಲೆಯ ನಾಯಿಯೇ ಇರಲಿ, ಪರೀಕ್ಷೆ ಮಾಡುವಾಗ ಅದು ನನ್ನ ಭುಜದಾಚೆ ನೋಡಿದರೆ ನಾನು ತಿರುಗಿ ನೋಡದೆ ಇರಲಾರೆ. ಮೊನ್ನೆ ಚಾಲೈಯಲ್ಲಿ ಮುದಿ ನಾಯಿಯೊಂದರ ಎದೆಬಡಿತ ಕೇಳುತ್ತಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದು ಕುರುಡಾಗಿತ್ತು ಅದು. ನನ್ನ ಹಿಂದೆ ನೋಡಿ ಬಾಲ ಅಲ್ಲಾಡಿಸಿತು. ನಾನು ಸ್ಟೆತಸ್ಕೋಪ್ ಕಿವಿಯಲ್ಲಿ ಇಟ್ಟುಕೊಂಡೇ ತಿರುಗಿದೆ. ಮುಚ್ಚಿದ ಅಂಗಡಿಯ ಷಟರ್ ಬಿಟ್ಟರೆ ಏನೂ ಇರಲಿಲ್ಲ. “ಏನಾಯ್ತು ಮ್ಯಾಡಂ?” ಎಂದು ಹುಡುಗರು ಕೇಳಿದರು. ಏನಿಲ್ಲ ಎಂದು ಮತ್ತೆ ಮೊದಲಿನಿಂದ ಎದೆಬಡಿತ ಎಣಿಸಿದೆ.

ನನ್ನ ಆ ವಿದ್ಯಾರ್ಥಿನಿ ಓದು ಮುಗಿಸಿ ಕೊಚ್ಚಿಯಲ್ಲೇ ಉಳಿದಳು. ಭಾನುವಾರದ ಕ್ಲಿನಿಕ್ ಈಗ ಅವಳ ಕೈಯಲ್ಲಿದೆ. ಕನ್ನಡ ಮಲಯಾಳ ಬೆರೆಸಿ ಮಾತಾಡುತ್ತಾಳೆ. ಹೋದ ಮಳೆಗಾಲದಲ್ಲಿ ಒಂದು ದಿನ ಫೋನ್ ಮಾಡಿದಳು.

ಚೇಚಿಯ ಮಗಳು ಸತ್ತ ದಿನ ಹತ್ತಿರ ಬಂದಿತ್ತಂತೆ. ಚೇಚಿ ಅವಳನ್ನು ಕರೆದು, “ಡಾಕ್ಟರ್ ಕುಟ್ಟಿ, ಆ ಒಂದು ದಿನ ಮಾತ್ರೆ ಬೇಡ” ಎಂದಳಂತೆ. “ಒಂದೇ ದಿನ. ಆಮೇಲೆ ಯಾವತ್ತೂ ಕೇಳಲ್ಲ.”

“ನೀನು ಏನಂದೆ?” ಎಂದೆ. ಮಾತ್ರೆ ಥಟ್ಟನೆ ಬಿಟ್ಟರೆ ಹಿಂದಿಗಿಂತ ದೊಡ್ಡ ಫಿಟ್ಸ್ ಬರಬಹುದು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

“ಬೈಯಲಿಲ್ಲ ಮ್ಯಾಡಂ. ಬಿಟ್ಟರೆ ಏನಾಗ್ತದೆ ಅಂತ ಅವರಿಗೇ ಗೊತ್ತು, ಕಾಲುವೆಯಲ್ಲಿ ನೋಡಿದ್ದಾರೆ. ಮಾತ್ರೆ ಕೊಡಿ, ಆ ದಿನ ನಾನು ಬಂದು ಕೂತ್ಕೊಳ್ತೇನೆ ಅಂದೆ.  ಹೋಗಿ ನೋಡಿದ್ರೆ ಮಾತ್ರೆ ಕೊಟ್ಟಿದ್ದರು.”

ಮಧ್ಯಾಹ್ನ ಪೂರ್ತಿ ಕೂತಳಂತೆ. ಚೇಚಿ ಮಗಳ ಮಾತು ತೆಗೆದಳು. ಆವರೆಗೆ ಮಗಳು ಸಾಕಿದ ನಾಯಿಯ ಬಗ್ಗೆ, ಅವಳ ಸಾವಿನ ಬಗ್ಗೆಯಷ್ಟೇ ಹೇಳಿದ್ದ ಚೇಚಿ, ಅಂದು ಅವಳ ಸಿಟ್ಟಿನ ಬಗ್ಗೆ ಹೇಳಿದಳು. ಮೀನು ಸಾರಿಗೆ ಹುಳಿ ಜಾಸ್ತಿಯಾದರೆ ತಟ್ಟೆ ತಳ್ಳುತ್ತಿದ್ದಳು. ಅಂಗಡಿಯಲ್ಲಿ ಸೀರೆ ಬಿಡಿಸಿ ಬಿಡಿಸಿ ಭುಜ ನೋಯುತ್ತೆ ಎಂದು ಅಮ್ಮನಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಚೇಚಿ ಒಂದು ಸಲ ನಕ್ಕೂ ಬಿಟ್ಟಳಂತೆ.

“ನಾಯಿ?” ಎಂದೆ.

“ಮಲಗಿತ್ತು. ಎಚ್ಚರವೇ ಆಗಲಿಲ್ಲ. ಸಂಜೆ ಮಳೆ ಜೋರಾಯ್ತು ಮ್ಯಾಡಂ, ಎರಚಲು ಒಳಗೆ ಬರ್ತಿತ್ತು. ಬಾಗಿಲು ಹಾಕಲಾ ಅಂತ ಕೇಳಿದೆ. ಬೇಡ ಅಂದ್ರು. ನಾನೂ ಒತ್ತಾಯ ಮಾಡಲಿಲ್ಲ. ಚಾಪೆಯನ್ನು, ನಾಯಿಯನ್ನು ಒಳಗಡೆಗೆ ಎಳ್ಕೊಂಡು ಗೋಡೆಗೆ ಒತ್ತಿ ಕೂತೆವು. ನೆಲ ಎಲ್ಲ ನೀರು.”

 ಅವಳ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸುತ್ತಿತ್ತು.

“ಮುಂದಿನ ವಾರ ನಾಯಿಯ ರಕ್ತಪರೀಕ್ಷೆ ಮಾಡಿಸ್ಬೇಕು. ಇಷ್ಟು ದಿನ ಮಾತ್ರೆ ತಿಂದು ಲಿವರ್ ಹೇಗಾಗಿದೆ ನೋಡ್ಬೇಕು” ಎಂದಳು. ವರದಿ ಬಂದಮೇಲೆ ನನಗೂ ಕಳಿಸು ಎಂದೆ.